ಪಿಂಪಳವಾಡಿಯ ರಹವಾಸಿ

ಭಾನುವಾರ ಸಂಜೆಯಾದರೆ ಪ್ರಜ್ಞಾ ಕೊಡೆ ಹಿಡಿದುಕೊಂಡು ಮಾಳಿಗೆ ಹತ್ತುತ್ತಿದ್ದಳು. ಮಳೆಗಾಗಿ ಅಲ್ಲ, ಆ ವರ್ಷ ಬೀದರದಲ್ಲಿ ಕೊಡೆಗೆ ಮಳೆಯ ಕೆಲಸವೇ ಇರಲಿಲ್ಲ. ಕಾಳಿನ ಪೇಟೆ ಗಾಂಧಿ ಗಂಜಿನ ಲಾರಿಗಳ ಸಪ್ಪಳ ಫೋನಿನೊಳಗೆ ಹೋಗಬಾರದೆಂದು ಕೊಡೆಯನ್ನು ಬಿಚ್ಚಿ ಬೀದಿಯ ಕಡೆಗೆ ಅಡ್ಡ ಹಿಡಿದು, ಅದರ ಮರೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಮಾತಾಡುತ್ತಿದ್ದಳು. ಕೆಳಗಿನ ಮನೆಯವರು ಮೊದಮೊದಲು ಅವಳಿಗೆ ಏನೋ ಆಗಿದೆ ಅಂದುಕೊಂಡಿದ್ದರು.

"ಕೇಳ್ರಿ ಎಲ್ಲಾರೂ. ಪಿಂಪಳವಾಡಿಯಿಂದ ಪ್ರಜ್ಞಾ ಮಾತಾಡ್ಲಾಕತ್ತೀನಿ. ಗುಡಿ ಮುಂದಿನ ಬೋರ್ ನಿಂತದ. ಸಾಲಿ ಹಿಂದಿನ ಬೋರ್ ಚಾಲೂ ಅದ, ಆದ್ರ ನೀರಿಗಿಂತ ಸಪ್ಪಳ ಜಾಸ್ತಿ. ಶೋಭಾಬಾಯಿ ಎಮ್ಮಿ ಈದದ, ಹೆಣ್ಣಗರು. ಸುರೇಶ ಅಣ್ಣಾ, ನಿಮ್ಮ ಬಾಗಲಿಗಿ ಹಾಕಿದ ಕೀಲಿ ಭದ್ರ ಅದ, ಕಿಡಕಿ ಮಾತ್ರ ಗಾಳಿಗಿ ಬಡಕೋತದ, ನಾ ಹಗ್ಗ ಕಟ್ಟಿ ಬಂದೀನಿ. ಮಾರುತಿ ಅಣ್ಣಾ, ನಿನ್ನ ಮಗಳಿಗಿ ಹಲ್ಲ ಬಂದಾವ. ಕಚ್ಚತಾಳ, ಹುಷಾರ್."

ಇದು ಅವಳ ವಾರದ ಸುದ್ದಿ. ಪಿಂಪಳವಾಡಿ ಔರಾದ ತಾಲೂಕಿನಲ್ಲಿ, ಚಿಂತಾಕಿಯ ಆಚೆ, ತೆಲಂಗಾಣದ ಗಡಿಗೆ ತಾಗಿದಂತೆ ಇರುವ ಸಣ್ಣ ಊರು. ಎರಡು ವರ್ಷ ಸಾಲಾಗಿ ಮಳೆ ಕೈಕೊಟ್ಟ ಮೇಲೆ ಊರಿನ ಅರ್ಧ ಜನ ಹೈದರಾಬಾದಿಗೆ, ಪುಣೆಗೆ ಕೆಲಸಕ್ಕೆ ಹೋಗಿದ್ದರು. ಒಬ್ಬ ಶಾರ್ಜಾದಲ್ಲಿದ್ದ. ಅವರೆಲ್ಲರ ಫೋನುಗಳನ್ನು ಒಂದು ಗುಂಪಿಗೆ ಸೇರಿಸಿ, ಶನಿವಾರ ಊರಿಗೆ ಹೋಗಿ ಮನೆಮನೆ ತಿರುಗಿ ಕೇಳಿದ್ದನ್ನು ಭಾನುವಾರ ಬೀದರಕ್ಕೆ ಬಂದು ಒದರುತ್ತಿದ್ದಳು. ಊರಲ್ಲಿ ಸಿಗ್ನಲ್ ಇರಲಿಲ್ಲ. ಬರೆದುಕೊಳ್ಳುತ್ತಿರಲಿಲ್ಲ. ಯಾರ ಮಾತನ್ನೂ ಮರೆಯುತ್ತಿರಲಿಲ್ಲ.

ನಾವಿಬ್ಬರೂ ರಾಜ್ಯಶಾಸ್ತ್ರದ ಎಂ.ಎ. ಓದುತ್ತಿದ್ದೆವು, ಗಂಜಿನ ಹಿಂದೆ ಒಂದು ಖೋಲಿ ಹಿಡಿದಿದ್ದೆವು. ನಾನು ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿಯವಳು. ಹೆಚ್ಚು ಮಾತು ಬರುವುದಿಲ್ಲ. ಅವಳಿಗೆ ಅದು ಅನುಕೂಲವೇ ಆಗಿತ್ತು. ಮಾತಾಡಲು ಒಬ್ಬರು, ಕೇಳಲು ಒಬ್ಬರು ಬೇಕಲ್ಲ. ಕಾಲೇಜಿಗೆ ಹೋಗುವಾಗ ಗಂಜಿನೊಳಗಿಂದಲೇ ಹೋಗಬೇಕೆಂದು ಹಟ ಮಾಡುತ್ತಿದ್ದಳು. ಅಲ್ಲಿ ನೆಟ್ಟಗೆ ನಡೆಯುತ್ತಿರಲಿಲ್ಲ. ಪ್ರತಿ ಅಂಗಡಿಯ ಮುಂದೆ ಒಟ್ಟಿದ ಚೀಲಗಳ ಮೇಲಿನ ಅಕ್ಷರಗಳನ್ನು ಬಾಗಿ ಓದುವಳು. ನಮ್ಮ ಕಡೆಯ ತೊಗರಿ ಒಣಗಿಹೋಗಿದ್ದ ಆ ದಿನಗಳಲ್ಲಿ ಬರ್ಮಾದ ತೊಗರಿ, ಆಫ್ರಿಕಾದ ತೊಗರಿ ಬಂದು ಬೀಳುತ್ತಿತ್ತು.

"ನೋಡ, ನಮ್ಮ ತೊಗರಿ ಬೆಳಿಯಾಂವ ಹೈದರಾಬಾದಿನಾಗ ಸಿಮೆಂಟ್ ಕಲಸ್ಲಾಕತ್ತಾನ. ಆಫ್ರಿಕಾದ ತೊಗರಿ ನಮ್ಮ ಗಂಜಿನಾಗ ಬಂದು ಕುಂತದ. ದಾರ್ಯಾಗ ಇಬ್ಬರಿಗೂ ಭೆಟ್ಟಿ ಆಗಿರಬೇಕು. ಏನ್ ಮಾತಾಡಿರ್ತಾರ?"

ಚೀಲ ಹೊತ್ತು ನಿಂತಿದ್ದ ಹಮಾಲರೊಬ್ಬರು ಕೇಳಿಸಿಕೊಂಡು, "ಮೊದಲ ದಾರಿ ಬಿಡವ್ವಾ, ಆಮ್ಯಾಲ ಭೆಟ್ಟಿ ಮಾಡಸ್ತೀನಿ," ಅಂದರು. ಅವಳು ನಗುತ್ತ ಸರಿದಳು. ಮರುದಿನದಿಂದ ಅವರಿಗೆ ನಮಸ್ಕಾರ ಮಾಡದೆ ಅಲ್ಲಿಂದ ದಾಟಲಿಲ್ಲ.

ತರಗತಿಯಲ್ಲಿ ಜಾಗತೀಕರಣದ ಪಾಠ ನಡೆದ ದಿನ ನಮ್ಮ ಸರ್ ಜಗತ್ತು ಈಗ ಒಂದು ಹಳ್ಳಿಯಾಗಿದೆ ಅಂದರು. ಪ್ರಜ್ಞಾ ಎದ್ದು ನಿಂತಳು. "ಸರ್, ಆ ಹಳ್ಳಿಗಿ ನೀರಿನ ಟ್ಯಾಂಕರ್ ಎಷ್ಟು ದಿನಕ್ಕೊಮ್ಮಿ ಬರ್ತದ್ರಿ?" ಹುಡುಗರು ನಕ್ಕರು. ಸರ್ ಸಹ ನಕ್ಕು, "ನಿನಗ ಗೊತ್ತಾದ್ರ ನಮಗೂ ಹೇಳವ್ವ, ನಮ್ಮ ಕಾಲೋನಿಗೂ ಬಂದಿಲ್ಲ," ಅಂದರು. ಅವಳು ನಗಲಿಲ್ಲ. ಅವಳು ಕೇಳಿದ್ದು ತಮಾಷೆಗಲ್ಲ. ಹಳ್ಳಿ ಎಂದ ಮೇಲೆ ಅಲ್ಲಿ ನೀರಿನ ಸರದಿ ಇರುತ್ತದೆ, ಸರದಿಯಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ ಎಂಬ ಜಗಳ ಇರುತ್ತದೆ, ಜಗಳ ತೀರಿಸುವ ಒಂದು ಕಟ್ಟೆ ಇರುತ್ತದೆ. ಜಗತ್ತಿನ ಆ ಕಟ್ಟೆ ಎಲ್ಲಿದೆ ಎಂಬುದೇ ಅವಳ ಪ್ರಶ್ನೆ. ಖೋಲಿಗೆ ಬಂದ ಮೇಲೂ ಅದನ್ನೇ ಮಾತಾಡಿದಳು. ಅನ್ನ ತಳ ಹಿಡಿಯಿತು.

ಗುಳೆ ಎಂಬ ಮಾತು ಅವಳಿಗೆ ಆಗುತ್ತಿರಲಿಲ್ಲ. ನಾನೊಮ್ಮೆ ಪ್ರಬಂಧದಲ್ಲಿ 'ಔರಾದ ತಾಲೂಕಿನಿಂದ ಗುಳೆ ಹೋದವರು' ಎಂದು ಬರೆದಿದ್ದೆ. ಅದರ ಮೇಲೆ ಬೆರಳಿಟ್ಟು ಕೇಳಿದಳು: "ನಿಮ್ಮ ಮಾಮಾ ಬೆಂಗಳೂರಿಗಿ ಬದಲಿ ಆಗಿ ಹೋದ್ರಲ್ಲ, ಅವರು ಗುಳೆ ಹೋದ್ರೇನು?"

"ಅವರು ನೌಕರಿ ಮ್ಯಾಲ ಹೋದ್ರು."

"ಇವರೂ ಕೆಲಸಕ್ಕೇ ಹೋಗ್ಯಾರ. ಒಬ್ಬರಿಗಿ ಬದಲಿ, ಒಬ್ಬರಿಗಿ ಗುಳೆ. ಊರ ಬಿಟ್ಟಾರಂತ ನೀವೇ ಹೇಳಿ ಹೇಳಿ, ಊರೂ ಅವರನ್ನ ಬಿಟ್ಟುಬಿಡ್ತದ."

ನಾನು ಆ ಸಾಲು ತಿದ್ದಿದೆ. ಅವಳ ಮಾತು ಪೂರ್ತಿ ಒಪ್ಪಿಯೇನಲ್ಲ. ಮಾಮಾ ಹೋಗುವಾಗ ಲಾರಿಯಲ್ಲಿ ಕಪಾಟು, ಮಂಚ ಹೋಗಿದ್ದವು. ಪಿಂಪಳವಾಡಿಯವರು ಹೋಗುವಾಗ ಒಲೆಯ ಮೇಲಿನ ತವಾ ಒಂದೇ ಹೋಗಿತ್ತು. ಎರಡನ್ನೂ ಒಂದೇ ಮಾತಿನಿಂದ ಕರೆದರೆ ಏನೋ ಮುಚ್ಚಿಟ್ಟಂತೆ ಆಗುತ್ತದೆ ಎಂದು ನನಗೆ ಅನಿಸುತ್ತಿತ್ತು. ಈಗಲೂ ಅನಿಸುತ್ತದೆ.

ಒಂದು ಹಬ್ಬಕ್ಕೆ ಅವಳನ್ನು ಖಟಕ ಚಿಂಚೋಳಿಗೆ ಕರೆದೊಯ್ದೆ. ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆ, ನಿತ್ಯ ಬಸವಣ್ಣನ ಹೆಸರು ಹೇಳುವ ಮನೆ. ಆದರೂ ಹೊಸಬರು ಬಂದರೆ ಅವ್ವ ಒಂದು ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳುತ್ತಿದ್ದಳು, ಅದು ನನಗೆ ಗೊತ್ತಿತ್ತು. ಪ್ರಜ್ಞಾ ಹೊಸ್ತಿಲ ಹೊರಗೇ ನಿಂತು ಚಪ್ಪಲಿ ಬಿಡುತ್ತ, "ಅವ್ವಾರ, ನಾವು ಬುದ್ಧನ ಕಡಿಯವ್ರಿ, ಪಿಂಪಳವಾಡಿ ನೀಲಿ ಝಂಡಾದ ಓಣಿ. ಈಗ ಚಾ ಕೊಡ್ತೀರೋ, ಬಿಸಲಾಗ ಹೊಳ್ಳಿ ಹೋಗ್ಲ್ಯೋ?" ಅಂದಳು.

ಅವ್ವ ಒಂದು ಕ್ಷಣ ಕಕ್ಕಾಬಿಕ್ಕಿಯಾದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. "ಅಯ್ಯ ನನ ಮಗಳ, ನನಗ ಕೇಳ್ಲಾಕರ ಬಿಡಬೇಕಿಲ್ಲೇನು! ಒಳಗ ಬಾ. ಸಕ್ರಿ ಎಷ್ಟ ಹಾಕಲಿ?"

"ಭಾಳ ಹಾಕ್ರಿ. ಸಿಟ್ಟ ಕಡಿಮಿ ಆಗ್ತದ."

ಅಂದಿನಿಂದ ಅವ್ವ ನನಗೆ ಫೋನ್ ಮಾಡಿದರೆ ಮೊದಲು ಕೇಳುವುದು ಅವಳನ್ನೇ.

ಇಷ್ಟೆಲ್ಲ ಮಾತಾಡುವ ಹುಡುಗಿಗೆ ಬೇಕಾಗಿದ್ದದ್ದು ಒಂದೇ ಒಂದು. ಪಿಂಪಳವಾಡಿಯ ಪಂಚಾಯಿತಿ ಗ್ರಂಥಾಲಯದಲ್ಲಿ ಮೇಲ್ವಿಚಾರಕಿಯ ಕೆಲಸ. ಅಲ್ಲಿದ್ದವರು ಕೆಲಸ ಬಿಟ್ಟು ಮಗನ ಹತ್ತಿರ ಪುಣೆಗೆ ಹೋಗಿದ್ದರು. ಎಂ.ಎ. ಮುಗಿದ ಮೇಲೆ ನನಗೆ ಭಾಲ್ಕಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಅವಳು ಅಂಥ ಯಾವುದಕ್ಕೂ ಅರ್ಜಿ ಹಾಕದೆ ಊರಿಗೆ ಹೋದಳು. ಯಾರೂ ಹೇಳದಿದ್ದರೂ ಗ್ರಂಥಾಲಯದ ಬೀಗ ತೆಗೆಸಿ ಕಸ ಹೊಡೆದಳು. ಭಾನುವಾರದ ಸುದ್ದಿ ನಿಲ್ಲಲಿಲ್ಲ. ಅದಕ್ಕಾಗಿಯೇ ಚಿಂತಾಕಿಯ ಬಸ್ ಸ್ಟ್ಯಾಂಡಿಗೆ ಬಂದು ನಿಲ್ಲುತ್ತಿದ್ದಳಂತೆ. ನನ್ನನ್ನೂ ಆ ಗುಂಪಿಗೆ ಸೇರಿಸಿದ್ದಳು. ಅಲ್ಲಿನ ಬಸ್ಸಿನ ಹಾರ್ನನ್ನು ತಡೆಯಲು ಕೊಡೆಗೆ ಆಗುತ್ತಿರಲಿಲ್ಲ.

"ನಿನ್ನಂಥಾಕಿ ಇಷ್ಟು ಸಣ್ಣ ಕೆಲಸಕ್ಕ ಕುಂತೀದಿ," ಎಂದು ನಾನು ಫೋನಿನಲ್ಲಿ ಅಂದಿದ್ದೆ.

"ಊರಾಗ ಇದ್ದು ಊರಿನ ಕೆಲಸ ಮಾಡಿ ಉಣ್ಣಬೇಕಂತ ಆಸಿ ಅದ. ಇದು ಸಣ್ಣದೇನು? ನಮ್ಮೂರಾಗ ಇಂಥಾ ಆಸಿ ಯಾರಿಗೂ ಪೂರಾ ಆಗಿಲ್ಲ."

ಆ ಕೆಲಸಕ್ಕೆ ಊರಿನ ಕಾಯಂ ರಹವಾಸಿಗಳೇ, ಅಂದರೆ ಅಲ್ಲೇ ನೆಲೆಸಿದವರೇ ಬೇಕು, ಗ್ರಾಮಸಭೆಯಲ್ಲಿ ಹೆಸರು ಒಪ್ಪಿಗೆಯಾಗಬೇಕು ಎಂದಿತ್ತು. ಸಭೆಗೆ ಬಾ ಎಂದು ಕರೆದಳು. ಅವಳು ಹಾಗೆ ಕರೆದದ್ದು ಅದೇ ಮೊದಲು.

ಬೇಸಿಗೆ. ಔರಾದ ದಾಟಿದ ಮೇಲೆ ಬಸ್ಸಿನ ಎರಡೂ ಬದಿ ಕರಿ ಹೊಲಗಳು ಬಾಯಿಬಿಟ್ಟು ಬಿದ್ದಿದ್ದವು. ಊರೊಳಗೆ ನಡೆದರೆ ಬಾಗಿಲಿಗೊಂದು ಕೀಲಿ. ಆದರೆ ಕೀಲಿ ಹಾಕಿದ ಮನೆಗಳ ಮುಂದೆಯೂ ಯಾರೋ ಕಸ ಹೊಡೆದು ನೀರು ಚಿಮುಕಿಸಿದ್ದರು. ಯಾರೆಂದು ಕೇಳಬೇಕಾಗಿರಲಿಲ್ಲ. ಅದಕ್ಕೂ ಮೊದಲು, ಮುಂಜಾನೆ ಚಿಂತಾಕಿಯಲ್ಲಿ ನನ್ನನ್ನು ಕರೆದೊಯ್ಯಲು ಬಂದಿದ್ದ ಪ್ರಜ್ಞಾ, ಅಲ್ಲೇ ಸಿಗ್ನಲಿಗೆ ನಿಂತು ಫೋನ್ ಕಿವಿಗೆ ಹಿಡಿದು ಒಂದು ಸಂದೇಶ ಕೇಳಿದಳು. ಮತ್ತೊಮ್ಮೆ ಕೇಳಿದಳು. ನಳದ ಹತ್ತಿರ ಹೋಗಿ ಮುಖ ತೊಳೆದುಕೊಂಡಳು. ಏನು ಎಂದು ಕೇಳಿದರೆ, "ಏನಿಲ್ಲ, ಸಭಾದ್ದು," ಅಂದಳು.

ಸಭೆ ಶಾಲೆಯ ಪಡಸಾಲೆಯಲ್ಲಿ. ಅಲ್ಲಿ ಅವಳು ರೂಢಿ ಮಾಡಿದ್ದ ಒಂದು ಪದ್ಧತಿ ಇತ್ತು. ಊರಲ್ಲಿಲ್ಲದವರು ತಮ್ಮ ಮಾತನ್ನು ಫೋನಿನಲ್ಲಿ ಕಳಿಸುವುದು, ಅವಳು ಅದನ್ನು ಎಲ್ಲರ ಮುಂದೆ ಹಚ್ಚಿ ಕೇಳಿಸುವುದು. ಮೊದಲ ಸಲ ಜನ ಬಿದ್ದು ಬಿದ್ದು ನಕ್ಕಿದ್ದರಂತೆ. ಈಗ ನಗುತ್ತಿರಲಿಲ್ಲ, ಉತ್ತರ ಕೊಡುತ್ತಿದ್ದರು. ಆ ದಿನ ಸುರೇಶನ ದನಿ ಬಂತು: ನಮ್ಮ ಓಣಿಯ ಚರಂಡಿ ಯಾಕೆ ತುಂಬಿದೆ? "ನೀ ಬಂದು ತಗಿ ಮಗನ," ಎಂದು ಒಬ್ಬ ಮುತ್ಯಾ ಫೋನಿಗೇ ಬೈದ. ಶಾರ್ಜಾದವನು ದೀಪದ ಕಂಬದ ಬಗ್ಗೆ ಕೇಳಿದ. "ಅಲ್ಲಿಂದ ನಮ್ಮ ಕತ್ತಲಿ ಕಾಣಸ್ತದೇನು ಇವಗ?" ಎಂದರು ಹೆಂಗಸರು.

ಗ್ರಂಥಾಲಯದ ವಿಷಯ ಬಂದಾಗ ಮೊದಲು ಎದ್ದವರು ಪ್ರಜ್ಞಾಳ ಸ್ವಂತ ಕಾಕಾ. ಅವರು ಪಂಚಾಯಿತಿ ಮೆಂಬರು. ಅವಳನ್ನು ಸೈಕಲ್ ಮೇಲೆ ಕೂರಿಸಿಕೊಂಡು ಚಿಂತಾಕಿಯ ಹೈಸ್ಕೂಲಿಗೆ ಬಿಟ್ಟು ಬರುತ್ತಿದ್ದವರು.

"ನಮ್ಮ ಹುಡುಗಿ ಈ ಊರಿಗೇ ಮೊದಲನೇ ಎಂ.ಎ. ಅದಾಳ್ರಿ. ಅಕಿನ್ನ ಈ ಮುರಕಾ ಖೋಲ್ಯಾಗ ಕುಂದ್ರಸೋದು ನಮಗ ಶೋಭಾ ಅಲ್ಲ. ನಾಳಿ ಛಲೋ ಮನಿಗಿ ಹೋಗಾಕಿ. ಪರಭಣಿ ಕಡಿ ಒಂದು ಲಗ್ನದ ಮಾತು ನಡದದ. ಕಾಯಂ ರಹವಾಸಿ ಅಂದ್ರ ಸೊಸಿ. ಮಗಳಲ್ಲ."

ಜನ ತಲೆಯಾಡಿಸಿದರು. ಎಲ್ಲರ ಮುಖದಲ್ಲೂ ಪ್ರೀತಿಯೇ ಇತ್ತು. ಅದನ್ನು ನಾನು ಸ್ಪಷ್ಟವಾಗಿ ನೋಡಿದೆ. ಅವಳಿಗೆ ಕೇಡು ಬಯಸಿದವರು ಆ ಪಡಸಾಲೆಯಲ್ಲಿ ಒಬ್ಬರೂ ಇರಲಿಲ್ಲ.

ಪ್ರಜ್ಞಾ ಹೇಳಿದಳು: "ಕಾಕಾ, ಹೈದರಾಬಾದಿನಾಗ ಇರಾವ್ರು ಇಲ್ಲಿ ರಹವಾಸಿ ಹೌದಲ್ಲ?"

"ಹೌದು ಮತ್ತ. ಅವರ ಮನಿ ಇಲ್ಲೇ ಅದ."

"ನಾ ಇಲ್ಲೇ ಇದೀನಿ. ನಾ ಯಾಕ ಅಲ್ಲ?"

"ನೀ ಹೋಗಾಕಿ."

"ಹೋದಾವ್ರು ಇದ್ದಂಗ, ಇದ್ದಾಕಿ ಹೋದಂಗ. ಇದು ಹ್ಯಾಂಗ್ರಿ ಲೆಕ್ಕ?"

ಯಾರೋ ಹಿಂದಿನಿಂದ "ವಕೀಲಿ ಓದಿಸಬೇಕಿತ್ತು ಇಕಿಗಿ" ಅಂದರು. ಮತ್ತೆ ನಗು. ಆದರೆ ಒಂದಿಬ್ಬರು ನಗದೆ ಅವಳನ್ನೇ ನೋಡುತ್ತಿದ್ದರು. ಕಾರ್ಯದರ್ಶಿ, "ಮಾತು ಖರೇ ಅದರಿ," ಅಂದರು. ಒಬ್ಬ ಹೆಂಗಸು, "ವರ್ಷ ಆತು, ನಮ್ಮ ಬಾಗಲದ ಕಸ ಅಕಿನೇ ಹೊಡದಾಳ. ಇರಲಿ ಬಿಡ್ರಿ ಅಕಿನೇ," ಎಂದು ದನಿ ಎತ್ತಿದಳು. ಗಾಳಿ ಪ್ರಜ್ಞಾಳ ಕಡೆ ತಿರುಗುತ್ತಿತ್ತು. ಇನ್ನೊಂದು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಆಗಿಬಿಡುತ್ತಿತ್ತೇನೋ.

ಆಗ ಪ್ರಜ್ಞಾ ಫೋನ್ ತೆಗೆದು, "ಇನ್ನೊಂದು ಉಳದದ," ಅಂದಳು. ಹಚ್ಚಿದಳು.

ಮಾರುತಿಯ ದನಿ. ಹೈದರಾಬಾದಿನಲ್ಲಿ ಗವಂಡಿಯಾಗಿ ಗಾರೆ ಕೆಲಸ ಮಾಡುತ್ತಿದ್ದವನು. ಹಿಂದೆ ಎಲ್ಲೋ ಕಲ್ಲು ಕೊರೆಯುವ ಯಂತ್ರದ ಸದ್ದು. "ಪ್ರಜ್ಞಾ ತಂಗಿ, ನೀ ಬ್ಯಾಸರ ಮಾಡ್ಕೋಬ್ಯಾಡ. ನಮ್ಮ ಸವಿತಾ ಪಿಯುಸಿ ಪಾಸ್ ಅದಾಳ. ಆ ಲೈಬ್ರರಿ ಕೆಲಸ ಅಕಿಗಿ ಆದ್ರ ನಾ ಇಲ್ಲಿ ಬಿಟ್ಟು ಬರ್ತೇನಿ. ಮನ್ಯಾಗ ಒಂದು ಪಗಾರ ಇದ್ರ ಊರಾಗ ಏನರ ಮಾಡ್ಕೊಂಡು ಇರಬಹುದು. ಹೋದ ಸಲ ಬಂದಾಗ ಮಗಳು ನನ್ನ ನೋಡಿ ಒಳಗ ಓಡಿ ಹೋದಳು. ನೀ ಇವತ್ತಲ್ಲ ನಾಳಿ ಹೋಗಾಕಿ. ಸಭಾದಾಗ ಇದು ಹಚ್ಚತೀಯೋ ಇಲ್ಲೋ, ನಿನಗ ಬಿಟ್ಟೀನಿ."

ಫೋನ್ ನಿಂತಿತು. ಅವನ ಹೆಂಡತಿ ಸವಿತಾ ಕಂಬದ ಹಿಂದೆ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಗಂಡ ಹೀಗೆ ಕಳಿಸಿದ್ದು ಅವಳಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ, ಮುಖ ಮುಚ್ಚಿಕೊಂಡಳು. ಸವಿತಾಳ ಹೆಸರು ಒಪ್ಪಿಗೆಯಾಯಿತು. ಮೊದಲು ಕೈ ಎತ್ತಿದವಳು ಪ್ರಜ್ಞಾ.

ಚಿಂತಾಕಿಯವರೆಗೆ ನನ್ನನ್ನು ಕಳಿಸಲು ಬಂದಳು. ಬಸ್ಸು ಬರುವ ತನಕ ನಾನು ಕೇಳಬಾರದು ಅಂದುಕೊಂಡಿದ್ದೆ. ಕೇಳಿದೆ. "ಯಾಕ ಹಚ್ಚಿದಿ?"

"ಅದು ಅವನ ಪಾಲಿನ ಮಾತು. ನನ್ನ ಫೋನಿನಾಗ ಇತ್ತಂತ ನಂದಾಗ್ತದೇನು?" ಬಸ್ಸಿನ ದಾರಿ ನೋಡುತ್ತ ಅಂದಳು: "ಒಂದು ನೋಡಿದೇನು? ನೀ ಎಲ್ಲಿ ಇರ್ತಿ ಅಂತ ನನಗ ಒಬ್ಬರೂ ಕೇಳಲಿಲ್ಲ. ನೀ ಹೋಗಾಕಿ ಅಂತ ಎಲ್ಲಾರೂ ನನಗೇ ಹೇಳಿದ್ರು."

ನಾನು ಅವಳ ಕೈ ಹಿಡಿಯಬಹುದಿತ್ತು. ಬಸ್ಸು ಬಂತು.

ಮಾರುತಿ ಖರೇ ಹೊಳ್ಳಿ ಬಂದ. ಪ್ರಜ್ಞಾ ಆ ಭಾನುವಾರ ಸುದ್ದಿ ಕಳಿಸಿದಳು: "ಕೇಳ್ರಿ ಎಲ್ಲಾರೂ. ಮಾರುತಿ ಅಣ್ಣಾ ಊರಿಗಿ ಬಂದಾನ. ಮಗಳು ಮೊದಲ ದಿನ ಅಳ್ತಿದ್ದಳು, ಮರುದಿನ ಮೀಸಿ ಹಿಡದು ಎಳದಾಳ. ಲೈಬ್ರರಿ ದಿನಾ ತಗೀತದ. ಆಡು ಸಾಕ್ತೀನಿ ಅಂತಾನ, ನೋಡೋಣು." ಮುಂದಿನ ಭಾನುವಾರ ಏನೂ ಬರಲಿಲ್ಲ. ಗುಂಪಿನಲ್ಲಿ ಸುರೇಶ ಕೇಳಿದ, ಇವತ್ತು ಸುದ್ದಿ ಇಲ್ಲೇನು ತಂಗಿ ಎಂದು. ಇನ್ನೊಬ್ಬ ಕೇಳಿದ. ಆಮೇಲೆ ಯಾರೋ ದೇವರ ಫೋಟೋ ಹಾಕಿದರು, ಇನ್ಯಾರೋ ಹುಟ್ಟುಹಬ್ಬದ ಕೇಕು. ಭಾಲ್ಕಿಯ ನನ್ನ ಖೋಲಿಯಲ್ಲಿ ಭಾನುವಾರದ ಸಂಜೆಗಳು ಉದ್ದವಾದವು. ಫೋನ್ ಮಾಡಿದರೆ, "ಸುದ್ದಿ ಹೇಳ್ಲಾಕ ಊರಾಗ ಇರಬೇಕಲ್ಲ," ಎಂದು ನಕ್ಕು ಬೇರೆ ಮಾತು ತೆಗೆದಳು. ಪರಭಣಿಯ ಸಂಬಂಧಕ್ಕೆ ಒಪ್ಪಿರಲಿಲ್ಲ. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ದಾರಿ ಹೇಳುವ ಕೆಲಸಕ್ಕೆ ಸೇರಿದ್ದಳು.

ನಾನು ಈಗಲೂ ಅದೇ ಕಾಲೇಜಿನಲ್ಲಿ ಪೌರತ್ವದ ಪಾಠ ಮಾಡುತ್ತೇನೆ. ಹುಟ್ಟಿನಿಂದ, ತಂದೆತಾಯಿಯಿಂದ, ವಾಸದಿಂದ ಎಂದು ಹಲಗೆಯ ಮೇಲೆ ಬರೆಯುತ್ತೇನೆ. ಮುಂದಿನ ಬೆಂಚಿನ ಹುಡುಗಿಯರು ಬರೆದುಕೊಳ್ಳುತ್ತಾರೆ. ಯಾರೂ ಎದ್ದು ಏನೂ ಕೇಳುವುದಿಲ್ಲ.

ಅವಳನ್ನು ಕೊನೆಯ ಸಲ ನೋಡಿದ್ದು ಆ ವಿಮಾನ ನಿಲ್ದಾಣದ ಹೊರಗೆ. ಹೈದರಾಬಾದಿನಲ್ಲಿ ಒಂದು ಪರೀಕ್ಷೆ ಬರೆಯಲು ಹೋದವಳು ಅಲ್ಲಿಗೂ ಹೋದೆ. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಅವಳೇ ಊಟದ ಬಿಡುವಿನಲ್ಲಿ ಹೊರಗೆ ಬಂದಳು. ನೀಲಿ ಕೋಟು, ಬಿಗಿದು ಕಟ್ಟಿದ ಕೂದಲು. ತೆಳ್ಳಗಾಗಿದ್ದಳು. ಕಂಬಿಯ ಆಚೆ ಅವಳು, ಈಚೆ ನಾನು ನಿಂತು ಮಾತಾಡಿದೆವು.

"ಕೆಲಸ ಹ್ಯಾಂಗದ?"

"ಛಲೋ ಅದ. ಇಲ್ಲಿ ನನಗ ಒಂದೇ ಕೇಳಿದ್ರು, ಯಾವ್ಯಾವ ಭಾಷಾ ಬರ್ತಾವ ಅಂತ. ಕನ್ನಡ, ಮರಾಠಿ, ತೆಲುಗು, ಹಿಂದಿ ಅಂದೆ. ಆತು ಅಂದ್ರು. ಲಗ್ನದ ಮಾತೇ ತಗೀಲಿಲ್ಲ." ಆಮೇಲೆ, "ಅವ್ವ ಹ್ಯಾಂಗದಾರ? ಸಕ್ರಿ ಡಬ್ಬಿ ಮುಚ್ಚಿಟ್ಟಾರೋ ಇಲ್ಲೋ?" ಎಂದು ಕೇಳಿದಳು. ಊರಿಗೆ ಯಾವಾಗ ಹೋಗಿದ್ದಿ ಎಂದು ನಾನು ಕೇಳುವಷ್ಟರಲ್ಲಿ ನಮ್ಮ ಪಕ್ಕದಲ್ಲೊಬ್ಬರು ಗಾಬರಿಯಿಂದ ಅತ್ತಿತ್ತ ನೋಡುತ್ತ ನಿಂತದ್ದು ಕಂಡಿತು. ವಯಸ್ಸಾದವರು, ತಲೆಗೆ ರುಮಾಲು, ಹೊಸ ಬೂಟು. ಪೆಟ್ಟಿಗೆಗೆ ಸುತ್ತಲೂ ಹಗ್ಗ. ಮಸ್ಕತ್ತಿನಲ್ಲಿ ತೋಟದ ಕೆಲಸಕ್ಕೆ ಹೊರಟಿದ್ದರು. ಕನ್ನಡದಲ್ಲೇ ತಮ್ಮಷ್ಟಕ್ಕೆ ಏನೋ ಅಂದುಕೊಳ್ಳುತ್ತಿದ್ದರು.

ಪ್ರಜ್ಞಾ ಅವರ ಹತ್ತಿರ ಹೋದಳು. "ಕಾಕಾ, ಪಾಸ್‌ಪೋರ್ಟ್ ಕಿಸೆದಾಗ ಬ್ಯಾಡ, ಕೈಯಾಗ ಹಿಡಕೋರಿ. ಅಂಜಬ್ಯಾಡ್ರಿ, ನಾ ಬಾಗಲ ತನಕ ಬರ್ತೇನಿ."

ಅವರ ಮುಖ ಒಮ್ಮೆಲೇ ಸಡಿಲವಾಯಿತು. "ಅಯ್ಯ, ನಮ್ಮ ಮಾತು ಆಡ್ತೀಯಲ್ಲವ್ವ! ನಾ ಭಾಲ್ಕಿ ಕಡಿಯಾಂವ. ನಿಂದು ಯಾವೂರು?"

ಅವಳು ಪೆಟ್ಟಿಗೆಯನ್ನು ಗಾಡಿಗೆ ಏರಿಸುತ್ತಿದ್ದಳು. ಏರಿಸಿ, ಹಗ್ಗದ ಗಂಟು ಎಳೆದು ನೋಡಿದಳು.

"ನಾ ಇಲ್ಲಿಯಾಕಿ ಕಾಕಾ. ಹೈದರಾಬಾದ್."

"ಹೌದಾ? ಇಲ್ಲಿಯಾಕಿ ಆಗಿ ಎಷ್ಟು ಛಲೋ ಕನ್ನಡ ಮಾತಾಡ್ತಿ ಮಗಳ. ಎಲ್ಲಿ ಕಲ್ತಿ?"

"ಕೆಲಸಕ್ಕ ಬೇಕಾಗ್ತದಲ್ರಿ. ಕಲ್ತೀನಿ."

ನನ್ನ ಕಡೆ ನೋಡದೆ ಒಂದು ಕೈ ಎತ್ತಿದಳು, ಹೋಗಿ ಬಾ ಎಂಬಂತೆಯೋ, ನಿಲ್ಲು ಎಂಬಂತೆಯೋ. ಗಾಡಿ ತಳ್ಳಿಕೊಂಡು ಹೋದಳು. ಆ ಹಿರಿಯರು ಅವಳ ಹಿಂದೆಯೇ, ಹೊಸ ಬೂಟಿನಲ್ಲಿ ಕಾಲೆಳೆಯುತ್ತ, ತಮ್ಮೂರಿನ ಸುದ್ದಿ ಹೇಳುತ್ತಲೇ ಹೋದರು. ಅವಳು ಹೂಂಗುಟ್ಟುತ್ತಿದ್ದಳು. ಗಾಜಿನ ಬಾಗಿಲು ತಾನಾಗಿಯೇ ತೆರೆದುಕೊಂಡಿತು.